ಬೆಣ್ಣೆ ಹೊತ್ತು ತಂದವಳು

ಜೀವರಸಾಯನದ ಮೇಷ್ಟ್ರಿಗೆ ಮನೆಯಲ್ಲಿ ಬೆಣ್ಣೆ, ತುಪ್ಪ ಎರಡೂ ಬಂದ್. ಅದಕ್ಕೇನಂತೆ, ಸಂಶೋಧನಾ ವಿದ್ಯಾರ್ಥಿನಿ ತನುಜಾ ಕ್ಯಾಂಟೀನಿನಿಂದ ಗುಟ್ಟಾಗಿ ಬೆಣ್ಣೆದೋಸೆ ತಂದುಕೊಡುತ್ತಿದ್ದಳು.

ಅವತ್ತು ದೋಸೆ ಮುರಿಯುತ್ತಲೇ ಅವರಿಗೆ ಪಾಠದ ಹುರುಪು ಬಂತು. "ನೋಡಮ್ಮ, ಜೀವಕೋಶದೊಳಗೆ ಕೊಬ್ಬು ತಾನಾಗಿ ಓಡಾಡಲ್ಲ. ಹೊತ್ತುಕೊಂಡು ಹೋಗೋಕೆ ಒಂದು ಪ್ರೋಟೀನ್ ಬೇಕು."

"ಹೊತ್ತು ತಂದುಕೊಟ್ಟರೆ ಅದರ ಕೆಲಸ ಮುಗೀತಾ ಸರ್?"

"ಎಲ್ಲಿ ಮುಗಿಯುತ್ತೆ? ಸೀದಾ ಕೋಶಕೇಂದ್ರಕ್ಕೆ ಹೋಗಿ ಇಷ್ಟು ಕೊಬ್ಬು ಬಂತು ಅಂತ ಚಾಡಿ ಹೇಳುತ್ತೆ. ಎಷ್ಟು ಕರಗಿಸಬೇಕು ಅಂತ ಅಲ್ಲಿಂದ ಅಪ್ಪಣೆ ಬರುತ್ತೆ."

"ಒಳ್ಳೆ ಪ್ರೋಟೀನ್ ಸರ್," ಎಂದು ತನುಜಾ ಖಾಲಿ ಡಬ್ಬಿ ಎತ್ತಿಕೊಂಡಳು.

ಸಂಜೆ ಬಾಗಿಲು ತೆರೆದ ಹೆಂಡತಿ ಅವರನ್ನು ಒಳಗೆ ಬಿಡದೆ ವಾಕಿಂಗ್ ಬೂಟು ಮುಂದಿಟ್ಟರು.

"ಇವತ್ತು ಎರಡು ದೋಸೆಯಂತೆ. ಕೆರೆ ಎರಡು ಸುತ್ತು ಹಾಕ್ಕೊಂಡು ಬನ್ನಿ."