ಅತಿಥಿಯ ಕುರ್ಚಿ

ಕೊನೆಯ ನಿಮಿಷದಲ್ಲಿ ಚೆಂಡು ಬಲೆಗೆ ಬಿದ್ದದ್ದೇ ತಡ, ಕ್ಷೌರದಂಗಡಿಯ ಬೆಂಚಿಗೆ ಬೆಂಚೇ ಎದ್ದು ಕುಣಿಯಿತು. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಪೋಸ್ಟ್‌ಮ್ಯಾನ್ ಕೂಡ ಕತ್ತಿಗೆ ಅಂಜದೆ ಎದ್ದು ನಿಂತ. ದೇಶದ ತಂಡ ಫೈನಲ್ ತಲುಪಿತ್ತು.

ಎದುರು ಅಂಗಡಿಯ ಟೈಲರ್ ಮಾಸ್ಟ್ರು ಮಾತ್ರ ಮೆತ್ತೆ ಹಾಕಿದ ಒಂಟಿ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಂಚು ನಮ್ಮವರಿಗೆ, ಕುರ್ಚಿ ಅತಿಥಿಗೆ. ಪಂದ್ಯವಿದ್ದ ದಿನ ಇದು ಕ್ಷೌರಿಕನ ಹನ್ನೆರಡು ವರ್ಷದ ಶಿಷ್ಟಾಚಾರ. ಮಾಸ್ಟ್ರ ಮೈಬಣ್ಣ, ಮೂಗು, ಕೂದಲು ಎಲ್ಲವೂ ಇವತ್ತು ಸೋತ ದೇಶದ್ದು. ಆ ದೇಶದ ಗೋಲ್‌ಕೀಪರನ ಮನೆತನದ ಹೆಸರೇ ಮಾಸ್ಟ್ರ ಅಂಗಡಿಯ ಬೋರ್ಡಿನ ಮೇಲೂ ಇತ್ತು. ಇನ್ನೇನು ಬೇಕು? ಕನ್ನಡಿಯ ಮೇಲೆ ತೂಗುತ್ತಿದ್ದ ಈ ದೇಶದ ಬಾವುಟವನ್ನು ಹೊಲಿದುಕೊಟ್ಟವರೂ ಅವರೇ, ಕೂಲಿ ಬೇಡವೆಂದಿದ್ದರು. ಕಸುಬಿನ ಮೇಲೆ ಎಂಥ ಪ್ರೀತಿ ಎಂದು ಕ್ಷೌರಿಕ ಮೆಚ್ಚಿಕೊಂಡಿದ್ದ.

"ಸುಮ್ನಿರ್ರಪ್ಪ, ಅವರ ಹೊಟ್ಟೆ ಉರಿಸ್ಬೇಡಿ" ಎಂದು ಅವನು ಟಿವಿಯ ಸದ್ದು ತಗ್ಗಿಸಿ, ಒಗೆದ ಟವೆಲ್ ತಂದುಕೊಟ್ಟ. "ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ. ನಿಮ್ಮೋರೂ ಚೆನ್ನಾಗೇ ಆಡಿದ್ರು."

"ನಮ್ಮೋರು ಗೆದ್ರಲ್ಲಣ್ಣ" ಎಂದರು ಮಾಸ್ಟ್ರು, ಮೆಲ್ಲಗೆ. ಟವೆಲನ್ನು ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ಹೊರಟುಹೋದರು.

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಾರೆ" ಎಂದ ಕ್ಷೌರಿಕ.

"ದುಃಖ ನಿನ್ನ ತಲೆ" ಎಂದ ಪೋಸ್ಟ್‌ಮ್ಯಾನ್. "ಅವರಪ್ಪನ ಕಾಲದಿಂದ ಆ ಮನೆಗೆ ಕಾಗದ ಕೊಡ್ತಿದ್ದೀನಿ. ಮಾಸ್ಟ್ರು ಹುಟ್ಟಿದ್ದೇ ಈ ಬೀದೀಲಿ. ಹೊರಗಿಂದ ಬಂದು ಅಂಗಡಿ ಹಾಕಿದೋನು ನೀನು."

"ಮತ್ತೆ ಆ ಮುಖ?"

"ಮೂವತ್ತು ವರ್ಷ ಮುಖ ಕೆರೆದು ನಿಂಗೆ ಗೊತ್ತಾಗಿದ್ದು ಇಷ್ಟೇನಾ? ಬಾ, ಇನ್ನರ್ಧ ಕೆರಿ."

ಫೈನಲ್ ದಿನ ಕ್ಷೌರಿಕ ಕುರ್ಚಿಯನ್ನು ಒಳಗೆ ಹಾಕಿ, ಬೆಂಚಿನ ನಟ್ಟನಡುವೆ ಒಬ್ಬರಿಗಾಗುವಷ್ಟು ಜಾಗ ಬಿಡಿಸಿದ. ಮೊದಲರ್ಧ ಮುಗಿದರೂ ಮಾಸ್ಟ್ರು ಬರಲಿಲ್ಲ. ಎರಡನೆಯ ಅರ್ಧ ಶುರುವಾದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬೀದಿಗಿಳಿದ. ನಡುಬೀದಿಯಲ್ಲಿದ್ದಾಗ ಗೋಲಾಯಿತು. ಎರಡೂ ಕಡೆಯಿಂದ ಒಂದೇ ಕೂಗು: ಹಿಂದೆ ಹತ್ತು ಗಂಟಲು, ಮುಂದೆ ಒಂದೇ ಒಂದು.

ಬಾಗಿಲು ತಳ್ಳಿದ. ಮಾಸ್ಟ್ರು ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅಳತೆ ಟೇಪು ಕೊರಳಿಂದ ಜಾರಿ ಕಾಲಡಿ ಬಿದ್ದಿತ್ತು. ಇವನನ್ನು ಕಂಡದ್ದೇ ಕೈಗಳು ಇಳಿದವು. ಟಿವಿಯ ಸದ್ದು ತಗ್ಗಿಸಿ, ಗಿರಾಕಿಗಳ ಕುರ್ಚಿಯನ್ನು ಒರೆಸಿ ಮುಂದಕ್ಕೆಳೆದರು.

"ಬನ್ನಿ, ಕೂತ್ಕೊಳ್ಳಿ" ಎಂದರು. "ನಿಮ್ಮೋರು ಗೋಲು ಹೊಡೆದ್ರು."