ಜಗಳ ಹಿಡಿಯುವ ಪರೀಕ್ಷೆ

ಇಪ್ಪತ್ತನೇ ಸಲವೂ ಪರದೆ ಕೆಂಪಾಗಲಿಲ್ಲ.

“ನಿನ್ನ ಕಾವಲುಗಾರ ಗೊರಕೆ ಹೊಡೀತಿದಾನೆ,” ಎಂದಳು ಪರೀಕ್ಷಕಿ. ಆಫೀಸಿನಲ್ಲಿ ಅವಳಿಗೆ ದುರ್ಬೀನು ಎಂದೇ ಹೆಸರು.

ಗಡ್ಡದವನು ಉಗುರು ಕಚ್ಚಿದ. ತೆರೆದ ಪ್ರತಿ ಫೈಲಿಗೂ ಕಂಪ್ಯೂಟರು ಒಂದು ನಂಬರು ಕೊಡುತ್ತದೆ. ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎರಡು ಥ್ರೆಡ್‌ಗಳು ಒಂದೇ ನಂಬರು ಹಿಡಿದು ಕಿತ್ತಾಡಿದರೆ ಪರದೆ ಕೆಂಪು ಮಾಡಿ ಕೂಗಿ ಹೇಳುವ ಕಾವಲು ಪ್ರೋಗ್ರಾಮನ್ನು ಅವನು ಎಂಟು ತಿಂಗಳು ಕೂತು ಬರೆದಿದ್ದ. ಅದರ ಪರೀಕ್ಷೆಗೆಂದು ಅವಳು ಇಬ್ಬರು ಜಗಳಗಂಟರನ್ನು ಬೇಕೆಂದೇ ಹುಟ್ಟಿಸಿದ್ದಳು. ಒಬ್ಬ ಫೈಲಿಗೆ ಬರೆಯುತ್ತಿರುವಾಗಲೇ ಇನ್ನೊಬ್ಬ ಹೇಳದೆ ಕೇಳದೆ ಅದನ್ನು ಮುಚ್ಚಬೇಕು. ನಾಲ್ಕು ಗಂಟೆಗೆ ಮ್ಯಾನೇಜರಮ್ಮ ಬರುತ್ತಾರೆ. ಅಷ್ಟರಲ್ಲಿ ಕಾವಲುಗಾರ ಬಾಯಿ ಬಿಡದಿದ್ದರೆ ಕಂಪನಿ ಈ ವರ್ಷ ಬಿಡುಗಡೆ ಮಾಡುವ ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗವಿಲ್ಲ. ‘ನಂಬಲರ್ಹವಲ್ಲ’ ಎಂಬ ವರದಿಯನ್ನು ಅವಳು ಅರ್ಧ ಬರೆದೂ ಆಗಿತ್ತು.

“ಜಗಳ ಆದ್ರೆ ತಾನೆ ಕೂಗೋದು? ನಿನ್ನ ಜಗಳಗಂಟರು ಹಸುಗೂಸಿಗಿಂತ ಸಾಧು.”

“ನಾ ಬರೆದಿದ್ರಲ್ಲಿ ತಪ್ಪೇನಿಲ್ಲಪ್ಪ. ಬೇಕಾದ್ರೆ ನೋಡ್ಕೊ.”

ಅವನು ನೋಡಿದ. ‘ಬರೆಯಲು ಹೊರಟೆ’, ‘ಬರೆದೆ’, ‘ಮುಚ್ಚಲು ಹೊರಟೆ’, ‘ಮುಚ್ಚಿದೆ’ ಎಂದು ಪರದೆಯ ಮೇಲೆ ನಾಲ್ಕು ಸಾಲು.

“ಇದೇನೇ ಇದು?”

“ಒಳಗೆ ಏನು ನಡೀತಿದೆ ಅಂತ ಗೊತ್ತಾಗ್ಬೇಡ್ವಾ? ಹೆಜ್ಜೆಹೆಜ್ಜೆಗೂ ಹೇಳಿಹೋಗಿ ಅಂದಿದೀನಿ.”

ಗಡ್ಡದವನು ಹಣೆ ಚಚ್ಚಿಕೊಂಡ. “ಒಂದ್ಸಲಕ್ಕೆ ಒಬ್ಬನೇ ಹೇಳೋಕಾಗೋದು ಕಣೇ. ಅವನು ಮುಗಿಸೋವರೆಗೂ ಇನ್ನೊಬ್ಬ ಕಾಯ್ತಾನೆ. ನಿನಗೆ ಲೆಕ್ಕ ಒಪ್ಪಿಸೋಕೆ ಇಬ್ಬರೂ ಸಾಲಾಗಿ ನಿಂತಿದಾರೆ. ಇನ್ನೆಲ್ಲಿ ಕಿತ್ತಾಡೋದು?”

ಅವಳ ಮುಖ ಇಂಗು ತಿಂದ ಮಂಗನಂತಾಯಿತು. ವರದಿಯನ್ನು ಸದ್ದಿಲ್ಲದೆ ಅಳಿಸಿದಳು. ಆದರೆ ಆ ನಾಲ್ಕು ಸಾಲು ಅಳಿಸಲು ಕೈ ಬರಲಿಲ್ಲ.

“ತಲೆಗೊಂದು ಸಾಲು ಇಟ್ಕೋತೀನಿ ಕಣೋ. ಪೂರ್ತಿ ಕುರುಡಾಗಿ ಹ್ಯಾಗೆ ಓಡಿಸ್ಲಿ?”

ಓಡಿಸಿದಳು. ಕಾವಲುಗಾರ ಗಪ್‌ಚುಪ್. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡೇ ನಿಮಿಷ.

ಕಡೆಗೆ ಹಲ್ಲುಕಚ್ಚಿ ಉಳಿದೆರಡನ್ನೂ ಅಳಿಸಿದಳು. ಗುಂಡಿ ಒತ್ತಿದವಳೇ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂತಳು.

“ನೀನೂ ತಿರುಗು.”

“ನಾವು ನೋಡಿದ್ರೆ ಅದಕ್ಕೇನಾಗುತ್ತೆ?”

“ತಿರುಗು ಅಂದ್ರೆ ತಿರುಗು ಮಾರಾಯ!”

ಎಂಟು ತಿಂಗಳ ದುಡಿಮೆ. ಗಡ್ಡದವನೂ ತಿರುಗಿದ.

ಬಾಗಿಲು ತೆರೆದ ಮ್ಯಾನೇಜರಮ್ಮನಿಗೆ ಕಂಡದ್ದು ಶಿಕ್ಷೆಗೆ ಕೂರಿಸಿದ ಮಕ್ಕಳಂತೆ ಗೋಡೆಗೆ ಮುಖ ಮಾಡಿ ಕೂತಿದ್ದ ಇಬ್ಬರು ಎಂಜಿನಿಯರುಗಳು.

“ಇದೇನ್ರೀ, ಪರದೆಯೆಲ್ಲ ಕೆಂಪು ಕೆಂಪು!”

ಗಡ್ಡದವನು ಕುರ್ಚಿಯಿಂದ ಹಾರಿ ಎದ್ದ.

“ಚೆನ್ನಾಗಿ ನೋಡಿ ಹೇಳಿ ಮೇಡಂ,” ಎಂದಳು ಅವಳು, ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡು.