ನಾಲ್ಕನೇ ಟ್ರ್ಯಾಕಿನ ಸೋಲೋ

ಜಾಝ್ ಫ್ಯೂಷನ್ ಗಿಟಾರ್ ವಾದಕರೊಬ್ಬರ ಹಳೆಯ ಆಲ್ಬಮ್ ಮತ್ತೆ ಬಿಡುಗಡೆಯಾದ ಸಂಭ್ರಮಕ್ಕೆ ಅಭಿಮಾನಿಗಳು ಅವರ ಮನೆಗೇ ಬಂದು ಕೂತಿದ್ದರು. ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಪ್ರಶ್ನೆಗಳು ಎಂದಿನವೇ. ತಂತಿ ಯಾವ ಕಂಪನಿಯದು? ಆಂಪ್ಲಿಫೈಯರ್ ಎಷ್ಟು ಹಳೆಯದು? ರೆಕಾರ್ಡಿಂಗ್ ದಿನ ಉಪವಾಸ ಇರುತ್ತೀರಾ?

“ಸರ್, ನಾಲ್ಕನೇ ಟ್ರ್ಯಾಕಿನ ಸೋಲೋದಲ್ಲಿ ಸ್ವರ ಹಂಗೆ ಜಾರುತ್ತಲ್ಲ, ಅದು ಹೆಂಗೆ ಸರ್? ಕಾಲೇಜಿಂದ ಟ್ರೈ ಮಾಡ್ತಿದೀನಿ, ಬರ್ತಾನೇ ಇಲ್ಲ,” ಎಂದ ಜುಟ್ಟು ಬಿಟ್ಟವನೊಬ್ಬ.

ವಾದಕರಿಗೆ ಅಂದು ಯಾಕೋ ನಿಜ ಹೇಳಬೇಕೆನ್ನಿಸಿತು. “ನನಗೂ ಬರಲ್ಲಪ್ಪ. ಆವತ್ತು ನನ್ನ ಬೆರಳು ಕಾರಿನ ಬಾಗಿಲಿಗೆ ಸಿಕ್ಕಿ ಊದಿತ್ತು. ಅದನ್ನ ನುಡಿಸಿದ್ದು ಇವಳು. ವೀಣೆ ಕಲಿತವಳು, ಗಿಟಾರ್ ತಂತೀನೂ ಹಂಗೇ ಎಳೆದುಬಿಟ್ಳು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. “ಎಂಥಾ ವಿನಯ ಸರ್ ನಿಮ್ದು!”

“ತಮಾಷೆ ಅಲ್ಲ ಕಣ್ರೀ. ವಾರಿಜಾ, ಸ್ವಲ್ಪ ಬಾ ಇಲ್ಲಿ.”

ವಾರಿಜಾ ಸೆರಗಿಗೆ ಕೈ ಒರೆಸಿಕೊಂಡು ಬಂದು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಆ ಸೋಲೋವನ್ನು ಮೊದಲಿಂದ ಕೊನೆಯವರೆಗೆ ನುಡಿಸಿದರು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಕಾಫಿ ಲೋಟ ಹಿಡಿದ ಕೈಗಳು ಹಾಗೇ ನಿಂತುಬಿಟ್ಟವು.

ಜುಟ್ಟಿನವನ ಕಣ್ಣು ತುಂಬಿ ಬಂತು. ಎದ್ದವನೇ ಗಂಡನ ಕಾಲಿಗೆ ಬಿದ್ದ. “ಸರ್, ಮೇಡಮ್‌ಗೆ ಎಷ್ಟು ಚೆನ್ನಾಗಿ ಕಲಿಸಿದೀರಿ ಸರ್!”

ಅವರು ಹೆಂಡತಿಯ ಕಡೆ ನೋಡಲಿಲ್ಲ. “ಏನೋಪ್ಪ, ನನ್ನ ಕೈಲಾದಷ್ಟು,” ಎಂದರು.